ಬಯಲುಸೀಮೆಯ ಮನೆಯಲ್ಲಿ ಒಂದು ಜೋಡಿ ಕ್ಲೌನ್ ಮೀನು

ಹರಿಹರದ ಸೇತುವೆ ಕೆಳಗೆ ಹರಿಯುವ ನೀರು ಪಡುವಣ ಕಡಲಿಗೆ ಬೆನ್ನು ಹಾಕಿ ಹೊರಟ ನೀರು. ತುಂಗೆ, ಭದ್ರೆ ಎರಡೂ ಹುಟ್ಟುವ ಗಂಗಾಮೂಲಕ್ಕೆ ಅರಬ್ಬೀ ಸಮುದ್ರವೇ ಹತ್ತಿರ. ಆದರೂ ಅವು ಮೂಡಣಕ್ಕೆ ತಿರುಗಿ, ಕೂಡ್ಲಿಯಲ್ಲಿ ಒಂದಾಗಿ, ಹರಿಹರ ದಾಟಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಹರಿಹರದ ಪಕ್ಕದ ದಾವಣಗೆರೆಯವರಿಗೆ ಕಡಲು ನೋಡಬೇಕೆಂದರೆ ಘಟ್ಟ ಇಳಿದು ಹೊನ್ನಾವರಕ್ಕೋ ಕುಮಟಾಕ್ಕೋ ಹೋಗಬೇಕು. ಅದು ಅರ್ಧ ದಿನದ ದಾರಿ.

ಇಂಥ ಊರಿನಲ್ಲಿ, ವಿದ್ಯಾನಗರದ ಮನೆಯೊಂದರ ಹಾಲ್‌ನಲ್ಲಿ, ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಯ ಕ್ಲೌನ್ ಮೀನು ಸಾಕಬಹುದೇ? ಸಾಕಬಹುದು. 2003ರಲ್ಲಿ ‘ಫೈಂಡಿಂಗ್ ನೀಮೋ’ ಸಿನಿಮಾ ಬಂದ ಮೇಲೆ ಮಕ್ಕಳೆಲ್ಲ ‘ನೀಮೋ’ ಎಂದೇ ಕರೆಯುವ ಈ ಮೀನು ಸಮುದ್ರದ ಮೀನುಗಳಲ್ಲಿ ಗಟ್ಟಿ ಜೀವ. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬದುಕುತ್ತದೆ. ಆದರೂ ಹೊಸಬರ ತೊಟ್ಟಿಯಲ್ಲಿ ಬೇಗ ಸಾಯುವ ಮೀನೂ ಇದೇ. ಕಾರಣ ಒಂದೇ: ನೀರು ಹದಕ್ಕೆ ಬರುವ ಮೊದಲೇ ಮೀನು ಮನೆಗೆ ಬಂದಿರುತ್ತದೆ.

ದಾವಣಗೆರೆಯ ದೋಸೆ ಹೋಟೆಲಿನಲ್ಲಿ ಹಿಟ್ಟು ರುಬ್ಬಿದ ಕೂಡಲೇ ಯಾರೂ ಹಂಚಿಗೆ ಹಾಕುವುದಿಲ್ಲ. ರಾತ್ರಿಯಿಡೀ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಕೆಲಸ ಮಾಡಿ ಅದು ಉಬ್ಬಬೇಕು, ಹುಳಿ ಬರಬೇಕು. ಉಪ್ಪುನೀರಿನ ತೊಟ್ಟಿಯಲ್ಲೂ ನಡೆಯುವುದು ಇದೇ ಬಗೆಯ ಕೆಲಸ. ಹಿಟ್ಟಿಗೆ ಒಂದು ರಾತ್ರಿ ಸಾಕು, ತೊಟ್ಟಿಗೆ ಆರು ವಾರ ಬೇಕು. ಈ ಆರು ವಾರ ಖಾಲಿ ತೊಟ್ಟಿಯನ್ನು ನೋಡಿಕೊಂಡು ಕೂರುವ ತಾಳ್ಮೆ ಇದ್ದವರು ಮುಂದಿನ ಖರ್ಚಿಗೆ ಕೈ ಹಾಕಬಹುದು.

ತೊಟ್ಟಿ ಮತ್ತು ಅದರ ಭಾರ

ಒಂದು ಜೋಡಿ ಕ್ಲೌನ್ ಮೀನಿಗೆ ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಸಾಕು. ಒಂದು ಘನ ಅಡಿಗೆ ಸುಮಾರು 28 ಲೀಟರ್ ಲೆಕ್ಕದಲ್ಲಿ ಇದರ ಅಳತೆ 88 ಲೀಟರ್. ಮೇಲೆ ಎರಡು ಬೆರಳು ಬಿಟ್ಟು, ಒಳಗಿನ ಕಲ್ಲಿನ ಜಾಗ ಕಳೆದರೆ 75 ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದು ಮೇಜಿನ ಮೇಲೆ ಚೆನ್ನಾಗಿ ಕಾಣುತ್ತದೆ, ಸಾಕುವವರಿಗೆ ಮಾತ್ರ ಕಷ್ಟ. ನೀರು ಕಡಿಮೆ ಇದ್ದಷ್ಟೂ ಬಿಸಿ, ಉಪ್ಪು, ಕಶ್ಮಲ ಎಲ್ಲವೂ ಬೇಗ ಏರುಪೇರಾಗುತ್ತವೆ. ಹೊಸಬರು ಚಿಕ್ಕದರಿಂದ ಶುರು ಮಾಡಬೇಕೆಂಬ ಮಾತು ಇಲ್ಲಿ ತಿರುಗುಮುರುಗು.

ತೊಟ್ಟಿಯನ್ನು ಊರಿನ ಗ್ಲಾಸ್ ಅಂಗಡಿಯಲ್ಲೇ ಮಾಡಿಸಬಹುದು. 8 ಮಿ.ಮೀ. ಗಾಜು ಇರಲಿ. ಅಂಟಿಸುವ ಸಿಲಿಕಾನ್‌ನಲ್ಲಿ ಬೂಷ್ಟು ತಡೆಯುವ ಔಷಧ ಸೇರಿರಬಾರದು. ಬಾತ್‌ರೂಮಿಗೆ ಬಳಸುವ ಸಿಲಿಕಾನ್‌ನಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ಮೀನಿಗೆ ಅದು ವಿಷ. ಟ್ಯೂಬಿನ ಮೇಲೆ ಅಕ್ವೇರಿಯಂ ಎಂದು ಬರೆದಿರುವುದನ್ನೇ ಕೇಳಿ ಹಾಕಿಸಬೇಕು.

ಗಾಜು, ನೀರು, ಕಲ್ಲು ಎಲ್ಲ ಸೇರಿದರೆ ಭಾರ ನೂರು ಕಿಲೋ ದಾಟುತ್ತದೆ. ಹಳೆಯ ಟೀವಿ ಸ್ಟ್ಯಾಂಡು ಇದನ್ನು ತಡೆಯದು. ಹರಿಹರ, ದಾವಣಗೆರೆಯಲ್ಲಿ ವೆಲ್ಡಿಂಗ್ ಶಾಪುಗಳಿಗೆ ಕೊರತೆಯಿಲ್ಲ. ಕಬ್ಬಿಣದ ಸ್ಟ್ಯಾಂಡು ಮಾಡಿಸಿದರೆ ಮೇಲೆ ಪೌಡರ್ ಕೋಟಿಂಗ್ ಮಾಡಿಸಲೇಬೇಕು. ಉಪ್ಪಿನ ಹನಿ ಬಿದ್ದ ಕಡೆಯಿಂದ ತುಕ್ಕು ಶುರುವಾಗಿ ಒಳಗೊಳಗೇ ತಿನ್ನುತ್ತದೆ. ಸ್ಟ್ಯಾಂಡಿನ ಮೇಲೆ ಅರ್ಧ ಇಂಚಿನ ಥರ್ಮೋಕೋಲ್ ಹಾಳೆ ಹಾಸಿ, ರಸಮಟ್ಟ ಇಟ್ಟು ನೋಡಿ, ಆಮೇಲೆ ತೊಟ್ಟಿ ಕೂರಿಸಬೇಕು. ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕ ಬೇಡ.

ಒಳಗೆ ಬೇಕಾದ್ದು ಹೆಚ್ಚಿಲ್ಲ. ನೀರನ್ನು ಸದಾ ಅಲುಗಿಸುವ ಒಂದು ಚಿಕ್ಕ ವೇವ್ ಮೇಕರ್, ಹಿಂಬದಿಗೆ ತೂಗುಹಾಕುವ ಒಂದು ಫಿಲ್ಟರ್, ಥರ್ಮೋಸ್ಟಾಟ್ ಇರುವ 75 ಅಥವಾ 100 ವಾಟಿನ ಹೀಟರ್, ಒಂದು ಥರ್ಮಾಮೀಟರ್, ಸಾಧಾರಣ ಎಲ್‌ಇಡಿ ದೀಪ. ನೊರೆಯ ಜೊತೆ ಕಶ್ಮಲ ಎತ್ತುವ ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಒಳ್ಳೆಯದು. ಎರಡೇ ಮೀನು, ವಾರವಾರ ನೀರು ಬದಲಾವಣೆ ಎಂದಾದರೆ ಅದಿಲ್ಲದೆಯೂ ನಡೆಯುತ್ತದೆ. ತಳಕ್ಕೆ ಹೊಳೆ ಮರಳು ತಂದು ಸುರಿಯಬಾರದು. ಕ್ಲೌನ್ ಮೀನಿಗೆ ಮರಳಿನ ಅಗತ್ಯವೇ ಇಲ್ಲ. ಬರೀ ಗಾಜಿನ ತಳ ಇದ್ದರೆ ಹಿಕ್ಕೆ, ಉಳಿದ ತಿಂಡಿ ಕಣ್ಣಿಗೆ ಕಾಣುತ್ತದೆ, ಪೈಪಿನಿಂದ ಎಳೆದು ತೆಗೆಯುವುದೂ ಸುಲಭ.

ನೀರು: ಘಟಕದ ಕ್ಯಾನಿನಿಂದ ಕಡಲಿನವರೆಗೆ

ದಾವಣಗೆರೆಗೆ ನಲ್ಲಿ ನೀರು ಬರುವುದು ಭದ್ರಾ ನಾಲೆಯಿಂದ ತುಂಬುವ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ ಮತ್ತು ರಾಜನಹಳ್ಳಿ ಬಳಿ ತುಂಗಭದ್ರೆಯಿಂದ. ಶುದ್ಧೀಕರಿಸಿ, ಕ್ಲೋರಿನ್ ಬೆರೆಸಿ ಬಿಡುವ ಈ ನೀರು ಕುಡಿಯಲು ಸರಿ. ಕ್ಲೋರಿನ್ ಮಾತ್ರ ಮೀನಿನ ಕಿವಿರನ್ನು ಸುಡುತ್ತದೆ, ತೊಟ್ಟಿಯಲ್ಲಿ ಬೆಳೆಯಬೇಕಾದ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಲವಣ ಯಾವುದು, ಎಷ್ಟು ಎಂದು ಗೊತ್ತಿಲ್ಲದೆ ಮೇಲೆ ಸಮುದ್ರದ ಉಪ್ಪು ಬೆರೆಸಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಹಾಗಾಗಿ ಪೊರೆಯಲ್ಲಿ ಸೋಸಿ ಲವಣ ತೆಗೆದ ಆರ್‌ಒ ನೀರೇ ಗತಿ.

ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ಕುಡಿಯುವ ನೀರಿನ ಘಟಕಗಳು ಈಗ ಬಡಾವಣೆಗಳಲ್ಲೂ ಹಳ್ಳಿಗಳಲ್ಲೂ ಇವೆ. ಆ ನೀರು ಆದೀತು, ಆದರೆ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ಕೊಂಡು ಪ್ರತಿ ಸಲ ಅದ್ದಿ ನೋಡಬೇಕು. ಅಂಕಿ ಹತ್ತರೊಳಗೆ ಬಂದರೆ ಬಹಳ ಒಳ್ಳೆಯದು. ಐವತ್ತು ದಾಟಿದರೆ ಫಿಲ್ಟರಿನ ಪೊರೆ ಹಳತಾಗಿದೆ, ಇಲ್ಲವೇ ರುಚಿಗೆಂದು ಖನಿಜ ಬೆರೆಸುತ್ತಿದ್ದಾರೆ ಎಂದರ್ಥ. ಮನೆಯ ಪ್ಯೂರಿಫೈಯರಿನಲ್ಲೂ ಟಿಡಿಎಸ್ ಹೊಂದಿಸುವ ತಿರುಪು ಇರುತ್ತದೆ. ಅದು ಬೇಕೆಂದೇ ಸ್ವಲ್ಪ ಕಚ್ಚಾ ನೀರನ್ನು ಬೆರೆಸುತ್ತದೆ. ತಿರುಪನ್ನು ಮುಚ್ಚಿಸಿಕೊಂಡು ತೊಟ್ಟಿಗೆ ನೀರು ಹಿಡಿದರೆ ಅಂಕಿ ಇಳಿಯುತ್ತದೆ.

ಇನ್ನು ಉಪ್ಪು. ಸಮುದ್ರದ ನೀರನ್ನೇ ಒಣಗಿಸಿ ತೆಗೆದ ಹರಳುಪ್ಪು ಸಾಲದೇ ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ, ಉತ್ತರ ಇರುವುದು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿ. ಕಡಲ ನೀರಿನಲ್ಲಿರುವ ಲವಣದಲ್ಲಿ ಅಡುಗೆ ಉಪ್ಪಿನ ಅಂಶ, ಅಂದರೆ ಸೋಡಿಯಂ ಮತ್ತು ಕ್ಲೋರೈಡ್, ತೂಕದಲ್ಲಿ ಸುಮಾರು ಶೇ. 85. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಆಗರದ ಮಡಿಗಳಲ್ಲಿ ನೀರು ಬತ್ತುತ್ತಾ ಬಂದಂತೆ ಮೊದಲು ಸುಣ್ಣ, ಜಿಪ್ಸಂ ತಳಕ್ಕೆ ಕೂರುತ್ತವೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಇರುತ್ತದೆ, ಅದನ್ನು ಹೊರಗೆ ಬಿಡುತ್ತಾರೆ. ಹೀಗೆ ಒಂದೊಂದೇ ಬೇರೆಯಾಗಿ ಹೋದ ಮೇಲೆ ಕೈಗೆ ಸಿಗುವ ಉಪ್ಪು ಅಡುಗೆಗೆ ಶ್ರೇಷ್ಠ. ಅದನ್ನೇ ನೀರಿಗೆ ಹಾಕಿದರೆ ಮಾತ್ರ ಕಡಲು ಮತ್ತೆ ಹುಟ್ಟುವುದಿಲ್ಲ. ಪ್ಯಾಕೆಟ್ ಉಪ್ಪಿನಲ್ಲಿ ಅಯೋಡಿನ್, ಗಂಟು ಕಟ್ಟದಂತೆ ಬೆರೆಸುವ ಪುಡಿ ಬೇರೆ ಇರುತ್ತವೆ. ಅಕ್ವೇರಿಯಂಗೆಂದೇ ಎಲ್ಲ ಲವಣಗಳನ್ನೂ ಸರಿ ಪ್ರಮಾಣದಲ್ಲಿ ಸೇರಿಸಿ ಮಾಡಿದ ಸಮುದ್ರದ ಉಪ್ಪಿನ ಮಿಶ್ರಣ ಸಿಗುತ್ತದೆ, ಅದನ್ನೇ ತರಿಸಬೇಕು.

ಕಾರವಾರದಿಂದ ಕ್ಯಾನಿನಲ್ಲಿ ಸಮುದ್ರದ ನೀರನ್ನೇ ತಂದರೆ ಏನಾಗುತ್ತದೆ? ಕಾಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಕರಾವಳಿ ಅದು. ಮಳೆಗಾಲದಲ್ಲಿ ದಡದ ನೀರು ಅರ್ಧಂಬರ್ಧ ಸಿಹಿಯಾಗಿರುತ್ತದೆ. ಬಂದರಿನ ಹತ್ತಿರ ಎಣ್ಣೆ, ಕೊಳಕು ಸೇರಿರುತ್ತವೆ. ತಿಂಗಳು ತಿಂಗಳೂ ಘಟ್ಟ ಹತ್ತಿಸಿ ತರುವ ಆ ನೀರಿಗಿಂತ ಮನೆಯಲ್ಲಿ ಕಲಸಿದ ನೀರು ನಂಬಿಕೆಗೆ ಅರ್ಹ.

ಕಲಸುವುದು ಹೀಗೆ. ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ಕೂತುಬಿಡುತ್ತದೆ. ತಾಮ್ರ, ಹಿತ್ತಾಳೆಯ ಕೊಡ, ಚೊಂಬು ಹತ್ತಿರ ಬರಕೂಡದು. ಲೀಟರಿಗೆ ಸುಮಾರು 37 ಗ್ರಾಂ ಲೆಕ್ಕದಲ್ಲಿ ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ ಹಾಕಿ, ಚಿಕ್ಕ ಪಂಪು ಬಿಟ್ಟು ಒಂದು ರಾತ್ರಿ ತಿರುಗಿಸಬೇಕು. 75 ಲೀಟರಿಗೆ ಎರಡೂಮುಕ್ಕಾಲು ಕಿಲೋ ಉಪ್ಪು ಹಿಡಿಯುತ್ತದೆ. ಮಿಶ್ರಣದಿಂದ ಮಿಶ್ರಣಕ್ಕೆ ತೂಕ ತುಸು ವ್ಯತ್ಯಾಸವಾಗುವುದರಿಂದ ಡಬ್ಬಿಯ ಮೇಲಿನ ಸೂಚನೆ ನೋಡಿಕೊಳ್ಳಬೇಕು.

ಬೆಳಿಗ್ಗೆ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಹಿಡಿದು ನೋಡುವ ಹೊತ್ತು. ಅಂಗೈಯಲ್ಲಿ ಹಿಡಿಯುವ ಈ ಕೊಳವೆಯ ತುದಿಯ ನೀಲಿ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಪಾರದರ್ಶಕ ಮುಚ್ಚಳ ಇಳಿಸಿ, ಗುಳ್ಳೆ ಉಳಿಯದಂತೆ ಒತ್ತಿ, ಬೆಳಕಿನ ಕಡೆ ತಿರುಗಿಸಿ ಕಣ್ಣಿಗೆ ಹಿಡಿದರೆ ಒಳಗೆ ಮೇಲರ್ಧ ನೀಲಿ, ಕೆಳಗರ್ಧ ಬಿಳಿ ಕಾಣುತ್ತದೆ. ನೀಲಿ ಮುಗಿದು ಬಿಳಿ ಶುರುವಾಗುವ ಗೆರೆ 35ರ ಮೇಲೆ ನಿಂತರೆ ಅದು ತೆರೆದ ಕಡಲಿನ ಉಪ್ಪು. ಪಕ್ಕದ ಇನ್ನೊಂದು ಅಳತೆಯಲ್ಲಿ ಅದೇ 1.026. ಕ್ಲೌನ್ ಮೀನಿಗೆ 33ರಿಂದ 35ರವರೆಗೆ ಎಲ್ಲಿದ್ದರೂ ಸರಿ, ದಿನದಿನಕ್ಕೆ ಹಾರಾಡಬಾರದು ಅಷ್ಟೆ. ಉಪಕರಣವನ್ನು ಆಗಾಗ 35ರ ಪ್ರಮಾಣ ದ್ರಾವಣದಿಂದ ಸರಿಹೊಂದಿಸುತ್ತಿರಬೇಕು. ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ, ಅದರ ಮಾತು ನಂಬುವಂತಿಲ್ಲ.

ಕಲ್ಲಿನ ವಿಷಯದಲ್ಲಿ ಕಾನೂನು

ಸಮುದ್ರದ ತೊಟ್ಟಿಯಲ್ಲಿ ಕಲ್ಲು ಬರೀ ಅಲಂಕಾರಕ್ಕಲ್ಲ, ಅದೇ ಮುಖ್ಯ ಫಿಲ್ಟರ್. ಅದರ ಸಾವಿರಾರು ರಂಧ್ರಗಳಲ್ಲಿ ನೀರು ಶುದ್ಧಿ ಮಾಡುವ ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ಹೊರದೇಶದ ಪುಸ್ತಕ, ವೀಡಿಯೋಗಳು ಸಮುದ್ರದಿಂದ ತೆಗೆದ ‘ಲೈವ್ ರಾಕ್’ ಹಾಕಿ ಎನ್ನುತ್ತವೆ. ಭಾರತದಲ್ಲಿ ಅದು ನಡೆಯದು. ಆ ಕಲ್ಲು ಎಂದರೆ ಹವಳದ ಅಸ್ಥಿಯೇ. ಗಟ್ಟಿ ಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ. ಕಡಲ್ಗುದುರೆಗೂ ಅದೇ ಕಾಯ್ದೆಯ ರಕ್ಷಣೆಯಿದೆ. ಯಾರಾದರೂ ಸಮುದ್ರದ ಹವಳ, ಹವಳದ ಕಲ್ಲು, ಕಡಲ್ಗುದುರೆ ಕಡಿಮೆ ಬೆಲೆಗೆ ಕೊಡುತ್ತೇವೆಂದರೆ ಕೊಳ್ಳುವವರೂ ಅಪರಾಧಕ್ಕೆ ಪಾಲುದಾರರಾಗುತ್ತಾರೆ. ಮುರುಡೇಶ್ವರದಾಚೆಯ ನೇತ್ರಾಣಿಯ ನೀರಿನಡಿಯ ಹವಳ ಅಲ್ಲೇ ಚೆಂದ.

ಬದಲಿಗೆ ಸೆರಾಮಿಕ್‌ನಿಂದ ಮಾಡಿದ ರಂಧ್ರದ ಕಲ್ಲುಗಳು ಸಿಗುತ್ತವೆ. ಎಂಟು ಹತ್ತು ಕಿಲೋ ಸಾಕು. ಸಿಮೆಂಟಿನಲ್ಲಿ ಎರಕ ಹೊಯ್ದ ಕಲ್ಲಾದರೆ ವಾರಗಟ್ಟಲೆ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಕ್ಷಾರ ಬಿಡಿಸಬೇಕು. ಎರಡು ಮೂರು ಕಲ್ಲನ್ನು ಒಂದು ಗವಿಯಂತೆ ಜೋಡಿಸಿ, ಗಾಜಿಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಟ್ಟರೆ ಒರೆಸಲು ಕೈ ಆಡುತ್ತದೆ.

ಆರು ವಾರ

ಮೀನಿನ ಉಸಿರು, ಮೂತ್ರ, ಕೊಳೆತ ತಿಂಡಿ ಎಲ್ಲದರಿಂದ ಹುಟ್ಟುವುದು ಅಮೋನಿಯಾ. ಅದನ್ನು ತಿನ್ನುವ ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ಕ್ಲೌನ್ ಮೀನು ತಡೆದುಕೊಳ್ಳುತ್ತದೆ, ವಾರದ ನೀರು ಬದಲಾವಣೆಯಲ್ಲಿ ಅದು ಹೊರಗೆ ಹೋಗುತ್ತದೆ. ಅಮೋನಿಯಾ ಹಾಗಲ್ಲ. ಸಿಹಿನೀರಿನ ತೊಟ್ಟಿ ಸಾಕಿ ಅನುಭವ ಇರುವವರು ಇಲ್ಲಿ ಎಡವುತ್ತಾರೆ. ಸಿಹಿನೀರಿನ ಪಿಎಚ್ ಏಳರ ಆಸುಪಾಸು, ಸಮುದ್ರದ್ದು 8.2ರ ಹತ್ತಿರ. ಪಿಎಚ್ ಅಷ್ಟು ಏರಿದರೆ ಅದೇ ಪ್ರಮಾಣದ ಅಮೋನಿಯಾದಲ್ಲಿ ಕಿವಿರು ಸುಡುವ ರೂಪದ್ದು ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಗಪ್ಪಿ, ಗೋಲ್ಡ್ ಫಿಶ್ ತಡೆದ ನೀರಿನಲ್ಲಿ ಸಮುದ್ರದ ಮೀನು ಉಳಿಯದಿರುವುದಕ್ಕೆ ಇದೇ ಕಾರಣ.

ತೊಟ್ಟಿಗೆ ನೀರು, ಕಲ್ಲು ಹಾಕಿ, ಪಂಪು ಓಡಲು ಬಿಟ್ಟ ಮೇಲೆ ಬ್ಯಾಕ್ಟೀರಿಯಾಕ್ಕೆ ಆಹಾರ ಬೇಕು. ಮೀನು ಬಿಟ್ಟು ಅದರ ಜೀವವನ್ನು ಪಣಕ್ಕೊಡ್ಡುವುದು ಹಳೆಯ ಪದ್ಧತಿ, ಅದನ್ನು ಕೈಬಿಡಬೇಕು. ಶುದ್ಧ ಅಮೋನಿಯಂ ಕ್ಲೋರೈಡ್ ಅರ್ಧ ಗ್ರಾಂನಷ್ಟು ಹಾಕಿದರೆ 75 ಲೀಟರಿನಲ್ಲಿ ಬೇಕಾದ ಎರಡು ಪಿಪಿಎಂ ಅಮೋನಿಯಾ ಸಿಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೂ ಇದೇ ವಸ್ತು, ಆದರೆ ಪೇಟೆಯ ನವಸಾಗರದಲ್ಲಿ ಬೆರಕೆ ಏನಿದೆಯೋ ಹೇಳಲಾಗದು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯದ್ದೇ ಇರಲಿ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಲಿಗೆ ಹಾಕುವ ಹೆಪ್ಪಿನ ಹಾಗೆ, ಹಾಕಿದರೆ ಕೆಲಸ ಬೇಗ ಹತ್ತುತ್ತದೆ. ಹೆಪ್ಪು ಹಾಕಿದ ಮಾತ್ರಕ್ಕೆ ಅದೇ ಗಳಿಗೆಯಲ್ಲಿ ಮೊಸರಾಗುವುದಿಲ್ಲವಲ್ಲ, ಇಲ್ಲೂ ಹಾಗೆಯೇ.

ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಹನಿ ಬಿಟ್ಟು, ಬಣ್ಣ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರುತ್ತದೆ. ಅದು ಇಳಿಯುವ ಹೊತ್ತಿಗೆ ಹೊಸಬರ ತಾಳ್ಮೆ ಮುಗಿದಿರುತ್ತದೆ. ನಡುವೆ ಗಾಜಿನ ಮೇಲೆ, ಕಲ್ಲಿನ ಮೇಲೆ ಕಂದು ಬಣ್ಣದ ಧೂಳಿನಂಥ ಪಾಚಿ ಹಬ್ಬಿದರೆ ಗಾಬರಿ ಬೇಡ, ಹೊಸ ತೊಟ್ಟಿಗೆಲ್ಲ ಅದು ಬಂದು ಹೋಗುತ್ತದೆ. ಸಂಜೆ ಹಾಕಿದ ಎರಡು ಪಿಪಿಎಂ ಅಮೋನಿಯಾ ಮಾರನೆಯ ಸಂಜೆಗೆ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆಯಾಗಿದ್ದರೆ ನೀರು ಹದವಾಯಿತು ಎಂದು ಲೆಕ್ಕ. ಆಗ ಅರ್ಧದಷ್ಟು ನೀರು ಬದಲಿಸಿ ಮೀನಿಗೆ ಹೇಳಿಕಳಿಸಬಹುದು.

ಜೋಡಿ ಹೇಗೆ ಜೋಡಿಯಾಗುತ್ತದೆ

ಗಂಡೊಂದು ಹೆಣ್ಣೊಂದು ಕೊಡಿ ಎಂದು ಅಂಗಡಿಯಲ್ಲಿ ಕೇಳುವವರಿಗೆ ಕ್ಲೌನ್ ಮೀನಿನ ಸಂಸಾರದ ಕತೆ ಗೊತ್ತಿರುವುದಿಲ್ಲ. ಮರಿಗಳಲ್ಲಿ ಹೆಣ್ಣೇ ಇರುವುದಿಲ್ಲ. ಗುಂಪಿನಲ್ಲಿ ದೊಡ್ಡದಾಗಿ, ಜೋರಾಗಿ ಬೆಳೆದದ್ದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗಿ ಜೊತೆಯಾಗುತ್ತದೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಒಮ್ಮೆ ಹೆಣ್ಣಾದ ಮೀನು ಮತ್ತೆ ಗಂಡಾಗುವುದಿಲ್ಲ. ಆದ್ದರಿಂದ ಎರಡು ದೊಡ್ಡ ಮೀನು ತಂದರೆ ಎರಡೂ ಹೆಣ್ಣಾಗಿದ್ದು, ಒಂದು ಸಾಯುವವರೆಗೆ ಕಾದಾಡುವ ಅಪಾಯವಿದೆ. ಎರಡೂ ಮರಿಗಳನ್ನೇ ತರುವುದು, ಅದರಲ್ಲೂ ಒಂದು ತುಸು ದೊಡ್ಡದು ಒಂದು ಚಿಕ್ಕದು ಆರಿಸುವುದು ಸುಲಭದ ದಾರಿ. ಚಿಕ್ಕದು ದೊಡ್ಡದರ ಮುಂದೆ ಮೈ ಅಡ್ಡ ಮಾಡಿ, ಚಳಿ ಬಂದವರಂತೆ ನಡುಗಿದರೆ ಅದು ‘ನೀನೇ ದೊಡ್ಡವಳು’ ಎಂದು ಒಪ್ಪಿಕೊಂಡ ಗುರುತು. ಅದಾದ ಮೇಲೆ ಎರಡೂ ಒಂದೇ ಮೂಲೆಯಲ್ಲಿ ವಾಲಿಕೊಂಡು ಮಲಗುತ್ತವೆ.

ಎರಡಕ್ಕಿಂತ ಹೆಚ್ಚು ಬೇಡ. ಮೂರನೆಯದನ್ನು ಜೋಡಿ ಉಳಿಸುವುದಿಲ್ಲ.

ಸಿನಿಮಾದಲ್ಲಿ ಇರುವಂತೆ ಕಡಲಹೂವು, ಅಂದರೆ ಸೀ ಅನೆಮೋನಿ, ಬೇಕೇ ಬೇಕು ಎಂಬುದು ತಪ್ಪು ತಿಳಿವಳಿಕೆ. ಕಡಲಿನಲ್ಲಿ ಅದರ ಚುಚ್ಚುವ ಎಳೆಗಳು ಮೀನಿಗೆ ಕಾವಲು. ಶತ್ರುವೇ ಇಲ್ಲದ ತೊಟ್ಟಿಯಲ್ಲಿ ಆ ಕಾವಲಿನ ಕೆಲಸವಿಲ್ಲ. ಅದಕ್ಕೆ ಬಲವಾದ ಬೆಳಕು, ವರ್ಷ ತುಂಬಿದ ತೊಟ್ಟಿ ಬೇಕು. ಅದು ಜಾಗ ಬದಲಿಸುತ್ತಾ ಹೋಗಿ ಪಂಪಿಗೆ ಸಿಕ್ಕಿ ಸತ್ತರೆ ಒಂದೇ ರಾತ್ರಿಯಲ್ಲಿ ನೀರು ಕೆಡುತ್ತದೆ. ಒಂದು ಚಿಕ್ಕ ಮಣ್ಣಿನ ಕುಂಡವನ್ನು ಅಡ್ಡ ಮಲಗಿಸಿದರೆ ಜೋಡಿ ಅದನ್ನೇ ಮನೆ ಮಾಡಿಕೊಳ್ಳುತ್ತದೆ.

ಮೀನು ಎಲ್ಲಿಯದು ಎಂಬುದು ಬೆಲೆಗಿಂತ ದೊಡ್ಡ ಪ್ರಶ್ನೆ. ಕಡಲಿನಿಂದ ಹಿಡಿದು ತಂದ ಮೀನು ಬಲೆ, ದೋಣಿ, ಗೋದಾಮು, ಅಂಗಡಿ ಎಂದು ಹತ್ತು ಕೈ ದಾಟಿ, ಹಸಿದು, ರೋಗ ಹತ್ತಿಸಿಕೊಂಡು ಬಂದಿರುತ್ತದೆ. ಕೆಲವು ಹೊರದೇಶಗಳಲ್ಲಿ ಸಯನೈಡ್ ಸಿಂಪಡಿಸಿ ಮೀನನ್ನು ಮಂಕು ಮಾಡಿ ಹಿಡಿಯುವ ಕೆಟ್ಟ ಅಭ್ಯಾಸವೂ ಇದೆ. ಹ್ಯಾಚರಿಯಲ್ಲಿ ಹುಟ್ಟಿದ ಮರಿಗೆ ಈ ಯಾವ ಕಷ್ಟವೂ ಇಲ್ಲ. ಅದು ಹುಟ್ಟಿದಾಗಿನಿಂದ ತೊಟ್ಟಿಯ ನೀರು, ಕಾಳು ತಿಂಡಿ ನೋಡಿದೆ. ಭಾರತದಲ್ಲಿ ಈ ವಿದ್ಯೆ ಕೈವಶವಾಗಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂ, ಕೇರಳದ ವಿಳಿಞಂ ಕೇಂದ್ರಗಳಲ್ಲಿ ಹಲವು ಜಾತಿಯ ಕ್ಲೌನ್ ಮೀನುಗಳ ಮರಿ ಮಾಡಿಸುವ ಕ್ರಮವನ್ನು ರೂಪಿಸಿ ಜನರಿಗೆ ಕಲಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಕೇಂದ್ರ ಕ್ಲೌನ್ ಮೀನು, ಅಲಂಕಾರಿಕ ಸಿಗಡಿ ಸಾಕಣೆಯಲ್ಲಿ ತೊಡಗಿದೆ, ದ್ವೀಪದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟಿದೆ. ಅಂಗಡಿಯವರನ್ನು ‘ಇದು ಹ್ಯಾಚರಿ ಮರಿಯೇ?’ ಎಂದು ನೇರವಾಗಿ ಕೇಳಬೇಕು. ಕೊಳ್ಳುವ ಮೊದಲು ತಮ್ಮ ಮುಂದೆಯೇ ಮೀನಿಗೆ ತಿಂಡಿ ಹಾಕಿಸಿ ನೋಡಬೇಕು. ಓಡಿ ಬಂದು ತಿನ್ನದ ಮೀನು, ಮೈಮೇಲೆ ಬಿಳಿ ಲೋಳೆ ಪೊರೆ ಕಟ್ಟಿದ ಮೀನು, ದಮ್ಮು ಹತ್ತಿದಂತೆ ಕಿವಿರು ಬಡಿಯುವ ಮೀನು ಬೇಡ.

ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ತರಬೇಕಾಗುತ್ತದೆ. ಆಕ್ಸಿಜನ್ ತುಂಬಿದ ಪೊಟ್ಟಣವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ತಂದರೆ ನಾಲ್ಕೈದು ಗಂಟೆಯ ದಾರಿ ಮೀನಿಗೆ ಭಾರವಲ್ಲ. ಮನೆಗೆ ಬಂದ ಮೇಲೆ ಪೊಟ್ಟಣವನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಶಾಖ ಸಮವಾಗಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ದಾರಿಯುದ್ದಕ್ಕೂ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಪೊಟ್ಟಣದ ನೀರಿನ ಪಿಎಚ್ ತಗ್ಗಿಸಿ ಅಮೋನಿಯಾದ ವಿಷವನ್ನು ಅದುಮಿಟ್ಟಿರುತ್ತದೆ. ಪೊಟ್ಟಣ ಬಿಚ್ಚಿದೊಡನೆ ಆ ಅನಿಲ ಹಾರಿ, ಪಿಎಚ್ ಏರಿ, ಅಮೋನಿಯಾ ಚುರುಕಾಗುತ್ತದೆ. ಆದ್ದರಿಂದ ಅಂಗಡಿಯ ನೀರಿನ ಉಪ್ಪು ಎಷ್ಟಿದೆ ಎಂದು ಮೊದಲೇ ಕೇಳಿಕೊಂಡು ಮನೆಯ ನೀರನ್ನೂ ಅದಕ್ಕೆ ಸರಿಯಾಗಿ ಇಟ್ಟುಕೊಂಡರೆ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಕೈಬಲೆಯಲ್ಲಿ ಎತ್ತಿ ಬಿಡಬಹುದು. ಪೊಟ್ಟಣದ ನೀರು ಚರಂಡಿಗೆ ಹೋಗಬೇಕು, ತೊಟ್ಟಿಗೆ ಬೀಳಬಾರದು. ಸಾಧ್ಯವಿದ್ದವರು ಮೊದಲ ನಾಲ್ಕು ವಾರ ಬೇರೆ ಟಬ್ಬಿನಲ್ಲಿ, ಒಂದು ಹದವಾದ ಸ್ಪಾಂಜ್ ಫಿಲ್ಟರ್ ಹಾಕಿ, ರೋಗವಿಲ್ಲ ಎಂದು ಖಚಿತವಾದ ಮೇಲೆ ದೊಡ್ಡ ತೊಟ್ಟಿಗೆ ಬಿಟ್ಟರೆ ಇನ್ನೂ ಕ್ಷೇಮ.

ಏಪ್ರಿಲ್, ಕರೆಂಟು, ಸೊಳ್ಳೆಬತ್ತಿ

ಕ್ಲೌನ್ ಮೀನಿಗೆ 25ರಿಂದ 27 ಡಿಗ್ರಿ ಹಿತ. ಡಿಸೆಂಬರ್, ಜನವರಿಯ ಚಳಿಯನ್ನು ಹೀಟರ್ ನೋಡಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ದಾವಣಗೆರೆಯೇ ನಿಜವಾದ ಪರೀಕ್ಷೆ. ಹೊರಗೆ 38, 39 ಇದ್ದಾಗ ತಾರಸಿ ಮನೆಯೊಳಗಿನ ನೀರು 32 ಮುಟ್ಟುವುದು ಕಷ್ಟವೇನಲ್ಲ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ; ಬಿಸಿಯಾದಷ್ಟೂ ಅದು ಇನ್ನೂ ಇಳಿಯುತ್ತದೆ. ಚಿಲ್ಲರ್ ದುಬಾರಿ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಒಂದು ಚಿಕ್ಕ ಫ್ಯಾನ್ ಕಟ್ಟಿದರೆ, ಮಣ್ಣಿನ ಹೂಜಿ ತಣ್ಣಗಾಗುವ ಹಾಗೆಯೇ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಇದು ಕರಾವಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 75 ಲೀಟರಿನಲ್ಲಿ ಎರಡು ಲೀಟರ್ ಹೋದರೆ 35 ಇದ್ದ ಉಪ್ಪು 36ಕ್ಕೆ ಏರುತ್ತದೆ. ಗಾಜಿನ ಮೇಲೆ ಮಾರ್ಕರ್ ಪೆನ್ನಿನಿಂದ ನೀರಿನ ಮಟ್ಟದ ಗೆರೆ ಎಳೆದು, ದಿನವೂ ಆ ಗೆರೆಯವರೆಗೆ ಉಪ್ಪಿಲ್ಲದ ಆರ್‌ಒ ನೀರನ್ನೇ ತುಂಬಬೇಕು. ಇಲ್ಲಿ ಉಪ್ಪುನೀರು ಹಾಕುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಪತ್ರಿಕೆಯಲ್ಲಿ ವಿದ್ಯುತ್ ವ್ಯತ್ಯಯದ ಪ್ರಕಟಣೆ ಬಂದ ದಿನ ಮನೆಯವರು ಮೊಬೈಲ್ ಚಾರ್ಜ್ ಮಾಡಿಟ್ಟುಕೊಳ್ಳುತ್ತಾರೆ. ತೊಟ್ಟಿಗೂ ಅದೇ ಮುನ್ನೆಚ್ಚರಿಕೆ ಬೇಕು. ನೀರಿನ ಅಲುಗಾಟ ನಿಂತರೆ ಆಮ್ಲಜನಕ ನಿಧಾನವಾಗಿ ಬತ್ತುತ್ತದೆ. ವೇವ್ ಮೇಕರನ್ನು ಇನ್ವರ್ಟರ್ ಲೈನಿಗೆ ಕೊಟ್ಟರೆ ಅದು ಎಳೆಯುವ ಕೆಲವೇ ವಾಟು ಗಮನಕ್ಕೂ ಬಾರದು. ಇನ್ವರ್ಟರ್ ಇಲ್ಲದವರಿಗೆ ಬ್ಯಾಟರಿಯ ಏರ್ ಪಂಪು ಸಾಕು. ಉಪ್ಪುನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ ಎಂಬುದು ನೆನಪಿರಲಿ. ಪ್ಲಗ್ ಪಾಯಿಂಟು ನೀರಿನ ಮಟ್ಟಕ್ಕಿಂತ ಮೇಲಿರಬೇಕು, ವೈರು ಪ್ಲಗ್ಗಿಗೆ ಏರುವ ಮೊದಲು ಕೆಳಗೆ ಜೋತು ಬಿದ್ದಿರಬೇಕು, ಮನೆಯ ಲೈನಿಗೆ, ವಿದ್ಯುತ್ ಸೋರಿದೊಡನೆ ಕಡಿತಗೊಳಿಸುವ ಆರ್‌ಸಿಸಿಬಿ ಇರಲೇಬೇಕು. ತೊಟ್ಟಿಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸುವುದು ಮಕ್ಕಳಿಗೂ ರೂಢಿಯಾಗಲಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಔಷಧ ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ ಕಡು ವಿಷ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ತೊಟ್ಟಿ ಇರುವ ಕೋಣೆಯಲ್ಲಿ ಇವು ಬೇಡ, ಕಿಟಕಿಗೆ ಜಾಲರಿ ಹಾಕಿಸುವುದೇ ಮೇಲು. ಅದೇ ಜಾಲರಿಯ ತುಂಡನ್ನು ಚೌಕಟ್ಟಿಗೆ ಹೊಡೆದು ತೊಟ್ಟಿಗೂ ಮುಚ್ಚಬಹುದು. ಕ್ಲೌನ್ ಮೀನು ಜಿಗಿಯುತ್ತದೆ. ಬೆಳಿಗ್ಗೆ ನೆಲದ ಮೇಲೆ ಒಣಗಿ ಬಿದ್ದ ಮೀನನ್ನು ಎತ್ತುವ ಪಾಡು ಯಾವ ಮಗುವಿಗೂ ಬರಬಾರದು.

ದಿನಚರಿ ಸರಳ. ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಣ್ಣ ಕಾಳು ತಿಂಡಿ. ವಾರಕ್ಕೆ ಒಂದೆರಡು ಸಲ ಫ್ರೀಜರಿನಲ್ಲಿಟ್ಟ ಆರ್ಟೀಮಿಯಾ ಎಂಬ ಸಿಗಡಿಯಂಥ ಸಣ್ಣ ಜೀವಿಯನ್ನು ಕರಗಿಸಿ ಕೊಟ್ಟರೆ ಬಣ್ಣ ಏರುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ರೂಢಿಯಾದ ಕೈ ಇಲ್ಲೂ ಮಂಡಕ್ಕಿಯ ಕಡೆ ಹೋಗಬಹುದು, ಬೇಡ. ಭಾನುವಾರ ಹತ್ತು ಲೀಟರ್ ನೀರು ತೆಗೆದು, ಅದೇ ಶಾಖದ, ಅದೇ ಉಪ್ಪಿನ ಹತ್ತು ಲೀಟರ್ ಹಾಕಬೇಕು. ಈ ಬದಲಾವಣೆಗೆ ಘಟಕದ ಒಂದು ಕ್ಯಾನು ಎರಡು ವಾರಕ್ಕೆ ಆಗುತ್ತದೆ. ತೆಗೆದ ನೀರನ್ನು ತುಳಸಿ ಬುಡಕ್ಕೋ ಕೈತೋಟಕ್ಕೋ ಸುರಿದರೆ ಗಿಡ ಸುಡುತ್ತದೆ, ಬಚ್ಚಲಿಗೇ ಹೋಗಲಿ.

ಹೀಗೆ ವರ್ಷ ಒಂದೂವರೆ ವರ್ಷ ಕಳೆದ ಮೇಲೆ ಒಂದು ಸಂಜೆ ಜೋಡಿ ಆ ಮಣ್ಣಿನ ಕುಂಡದ ಒಂದು ಬದಿಯನ್ನು ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡುವುದು ಕಾಣಬಹುದು. ಆಮೇಲೆ ಅಲ್ಲಿ ಕೇಸರಿ ಬಣ್ಣದ ನೂರಾರು ಮೊಟ್ಟೆ ಅಂಟಿರುತ್ತವೆ. ಗಂಡು ಊಟ ಮರೆತು ರೆಕ್ಕೆಯಿಂದ ಗಾಳಿ ಹಾಕುತ್ತದೆ, ಕೆಟ್ಟ ಮೊಟ್ಟೆಯನ್ನು ಬಾಯಿಂದ ಕಿತ್ತು ತೆಗೆಯುತ್ತದೆ, ಗಾಜಿಗೆ ಬೆರಳಿಟ್ಟವರ ಮೇಲೆ ನುಗ್ಗುತ್ತದೆ. ದಿನ ಕಳೆದಂತೆ ಮೊಟ್ಟೆಯೊಳಗೆ ಬೆಳ್ಳಿ ಚುಕ್ಕಿಯಂಥ ಕಣ್ಣುಗಳು ಮೂಡುತ್ತವೆ. ಏಳೆಂಟು ದಿನಕ್ಕೆ, ದೀಪ ಆರಿದ ಮೇಲಿನ ಕತ್ತಲಲ್ಲಿ, ಮರಿಗಳು ಹೊರಬರುತ್ತವೆ. ಅವನ್ನು ಉಳಿಸಲು ರೋಟಿಫರ್ ಎಂಬ ಕಣ್ಣಿಗೆ ಕಾಣದ ಜೀವಿಯನ್ನು ಹಸಿರು ಪಾಚಿ ನೀರಿನಲ್ಲಿ ಬೆಳೆಸಿ ಉಣಿಸಬೇಕು, ಅದು ಬೇರೆಯೇ ವಿದ್ಯೆ. ಕಲಿಯುವ ಮನಸ್ಸಿದ್ದವರಿಗೆ ಮಂಡಪಂ, ವಿಳಿಞಂ ಕೇಂದ್ರಗಳು ರೂಪಿಸಿದ ಕ್ರಮವಿದೆ, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿದೆ.

ಈ ಊರುಗಳಲ್ಲಿ ತೊಟ್ಟಿ ಕೂರಿಸಲು ಒಳ್ಳೆಯ ಕಾಲ ಶ್ರಾವಣ. ಆಗ ನೀರು ಕಲಸಿ ಬಿಟ್ಟರೆ ಗಣೇಶನ ಹಬ್ಬದ ಹೊತ್ತಿಗೆ ಅಮೋನಿಯಾ ಇಳಿಯುತ್ತಿರುತ್ತದೆ, ದಸರಾ ಹೊತ್ತಿಗೆ ನೈಟ್ರೈಟೂ ಸೊನ್ನೆಗೆ ಬಂದಿರುತ್ತದೆ. ಹಬ್ಬದ ಸುಣ್ಣಬಣ್ಣ, ಪಟಾಕಿ ಹೊಗೆ ಎಲ್ಲ ಮುಗಿದು, ದೀಪಾವಳಿ ಕಳೆದ ವಾರ ಮೀನು ತನ್ನಿ. ಏಪ್ರಿಲ್‌ನ ಬಿಸಿಲಿಗೆ ಆಗ ಇನ್ನೂ ಐದು ತಿಂಗಳು ಇರುತ್ತದೆ.